ಸಂಹಿತೆಗೆ ಶಾಸನದ ಬಲ ಬೇಕು

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಸಂಭವಿಸಿದ ಅಗ್ನಿ ದುರಂತಕ್ಕೆ ಒಂಬತ್ತು ಮಂದಿ ಬಲಿಯಾದರು. ಬಹುಮಹಡಿ ಕಟ್ಟಡಗಳಲ್ಲಿ ಪಾರಾಗುವ ಮಾರ್ಗ ಹೇಗಿರಬೇಕೆಂಬುದನ್ನು ರಾಷ್ಟ್ರೀಯ ಕಟ್ಟಡ ಸಂಹಿತೆ ಅದಕ್ಕೂ ಮುನ್ನವೇ ವಿವರಿಸಿತ್ತು. ಆದರೆ 1970ರಲ್ಲಿ ಪ್ರಕಟವಾಗಿ, 1983, 2005 ಹಾಗೂ 2016ರಲ್ಲಿ ಪರಿಷ್ಕೃತಗೊಂಡ ಆ ಸಂಹಿತೆ ಸ್ವತಃ ಕಾನೂನಲ್ಲ. ಅದು ಶಿಫಾರಸು ಮಾತ್ರ. ಭೂಮಿ ಮತ್ತು ಸ್ಥಳೀಯ ಆಡಳಿತ ರಾಜ್ಯಪಟ್ಟಿಯ ವಿಷಯಗಳಾದ್ದರಿಂದ, ರಾಜ್ಯದ ನಿಯಮಗಳಲ್ಲೋ ನಗರದ ಬೈಲಾಗಳಲ್ಲೋ ಸೇರಿದಾಗಲೇ ಅದಕ್ಕೆ ಬಲ.

ಕರಡು ಪ್ರಕಟಣೆ, ಆಕ್ಷೇಪಣೆಗಳ ಪರಿಶೀಲನೆ, ಅಂತಿಮ ಅಧಿಸೂಚನೆ ಎಂಬ ಕ್ರಮ ಪ್ರಜಾಸತ್ತೆಗೆ ಅಗತ್ಯ; ವಿಳಂಬ ಅಗತ್ಯವಲ್ಲ. ತುರ್ತು ಕ್ರಮ ಇದಕ್ಕೆ ಪರ್ಯಾಯವಾಗದು. ಸುಗ್ರೀವಾಜ್ಞೆ ಕೂಡ, ಶಾಸಕಾಂಗ ಅನುಮೋದಿಸದಿದ್ದರೆ, ಅದು ಮರುಸಮಾವೇಶಗೊಂಡ ಆರು ವಾರಗಳಲ್ಲಿ ಅಸ್ತಿತ್ವ ಕಳೆದುಕೊಳ್ಳುತ್ತದೆ.

ಪರಿಷ್ಕೃತ ಸಂಹಿತೆಯನ್ನು ವರ್ಷದೊಳಗೆ ಅಳವಡಿಸಿಕೊಳ್ಳಬೇಕು, ಇಲ್ಲವೇ ಕಾರಣವನ್ನು ಸದನದ ಮುಂದಿಡಬೇಕು ಎಂದು ರಾಜ್ಯವೇ ಶಾಸನ ರೂಪಿಸಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಆಡಳಿತವೆನಿಸದು.