ರಾಣಿಪೇಟೆಯ ಹಳದಿ ನೀರಿಗೆ ಅನ್ನಭೇದಿ ಮದ್ದು

ಚೆನ್ನೈನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೊರಟರೆ ದಾರಿಯಲ್ಲಿ ರಾಣಿಪೇಟೆ ಸಿಗುತ್ತದೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯೂ ಈ ಊರಿನ ಪಕ್ಕದಲ್ಲೇ ಹರಿಯುತ್ತದೆ. ಚರ್ಮ ಹದ ಮಾಡಲು ಬೇಕಾದ ಕ್ರೋಮಿಯಂ ಲವಣ ತಯಾರಿಸುತ್ತಿದ್ದ ಇಲ್ಲಿನ ಕಾರ್ಖಾನೆಯೊಂದು 1990ರ ದಶಕದಲ್ಲಿ ಬಾಗಿಲು ಮುಚ್ಚಿತು. ಬಿಟ್ಟುಹೋದದ್ದು ಲಕ್ಷಕ್ಕೂ ಹೆಚ್ಚು ಟನ್ ತ್ಯಾಜ್ಯದ ಗುಡ್ಡೆ. ಮಳೆನೀರಿನ ಜೊತೆ ಇಳಿದ ವಿಷದಿಂದ ಸುತ್ತಲಿನ ಅಂತರ್ಜಲ ಹಳದಿಯಾಯಿತು. 2006ರಲ್ಲಿ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಜಗತ್ತಿನ ಹತ್ತು ಅತಿ ಕಲುಷಿತ ತಾಣಗಳ ಪಟ್ಟಿಯಲ್ಲಿ ರಾಣಿಪೇಟೆಯೂ ಇತ್ತು.

ಇದಕ್ಕೆ ರಸಾಯನಶಾಸ್ತ್ರದಲ್ಲಿ ಮದ್ದಿದೆ. ಕ್ರೋಮಿಯಂಗೆ ಎರಡು ಮುಖ್ಯ ರೂಪ. ಆರರ ವೇಲೆನ್ಸಿಯದ್ದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ದೂರ ಹರಿಯುತ್ತದೆ, ಕ್ಯಾನ್ಸರ್‌ಕಾರಕ. ಮೂರರದ್ದು ಅಷ್ಟು ವಿಷಕಾರಿಯಲ್ಲ. ಸಾಮಾನ್ಯ ನೀರಿನಲ್ಲಿ ಕರಗದೆ ಮಣ್ಣಿನಲ್ಲೇ ಕೂರುತ್ತದೆ. ಹಳಬರು ಅನ್ನಭೇದಿ ಎನ್ನುತ್ತಿದ್ದ ಫೆರಸ್ ಸಲ್ಫೇಟನ್ನು ಬೋರ್‌ವೆಲ್ ಮೂಲಕ ನೆಲದೊಳಗೆ ಬಿಟ್ಟರೆ ಮೊದಲನೆಯದು ಎರಡನೆಯದಾಗುತ್ತದೆ. ಮಣ್ಣು ಅಗೆದು ಸಾಗಿಸಬೇಕಿಲ್ಲ.

ಆದರೆ ಎಲ್ಲ ವಿಷಕ್ಕೂ ಒಂದೇ ಮದ್ದಲ್ಲ. ಪೆಟ್ರೋಲ್ ಅಥವಾ ಕೈಗಾರಿಕಾ ದ್ರಾವಕ ಸೋರಿದ ಜಾಗಕ್ಕೆ ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉತ್ಕರ್ಷಕಗಳು ಬೇಕು. ಅವನ್ನೇ ಕ್ರೋಮಿಯಂ ಇರುವ ಮಣ್ಣಿಗೆ ಸುರಿದರೆ ತಣ್ಣಗೆ ಕೂತಿದ್ದ ಕ್ರೋಮಿಯಂ ಮತ್ತೆ ವಿಷರೂಪ ತಾಳಬಹುದು. ಮದ್ದು ವಿಷದ ಬಳಿಗೆ ತಲುಪುವುದೂ ಕಷ್ಟ: ಜೇಡಿಮಣ್ಣಿನಲ್ಲಿ ದ್ರಾವಣ ಬೇಗ ಹರಡುವುದಿಲ್ಲ, ಕ್ಷಾರೀಯ ನೆಲದಲ್ಲಿ ಅನ್ನಭೇದಿ ದೂರ ಹೋಗುವ ಮೊದಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಎಲ್ಲಕ್ಕಿಂತ ಮೊದಲು ಗುಡ್ಡೆಯನ್ನು ತೆಗೆಯಬೇಕು, ಇಲ್ಲವೇ ಮಳೆನೀರು ಇಳಿಯದಂತೆ ಮುಚ್ಚಬೇಕು. ಇಲ್ಲದಿದ್ದರೆ ನಲ್ಲಿ ತೆರೆದಿಟ್ಟು ನೆಲ ಒರೆಸಿದಂತೆ.

ಖರ್ಚು ಯಾರದು? ಕಲುಷಿತ ತಾಣಗಳ ನಿರ್ವಹಣೆಗೆಂದು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿ, ಕೆಡಿಸಿದವರೇ ಖರ್ಚು ಭರಿಸಬೇಕು ಎಂದಿದೆ. ಮುಚ್ಚಿಹೋದ ಕಂಪನಿಯಿಂದ ವಸೂಲಿ ಮಾಡುವುದು ಸುಲಭವಲ್ಲ. ಅಲ್ಲಿಯತನಕ ಬಾವಿ ನಂಬಿದವರೇ ಬೆಲೆ ತೆರುತ್ತಾರೆ.

ಹೈದರಾಬಾದ್, ಪುಣೆ, ಚೆನ್ನೈಗಳಲ್ಲಿ ಕೈಗಾರಿಕಾ ಪ್ರದೇಶದ ಪಕ್ಕದ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವ ನಾವೂ ಎಚ್ಚರವಾಗಿರಬೇಕು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನೀರು ಹಳದಿಯಾಗಿ ಕಾಣುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ. ಕುದಿಸಿದರೆ ಲೋಹ ಹೋಗುವುದಿಲ್ಲ. ಟಿಡಿಎಸ್ ಮೀಟರ್ ಯಾವ ಲೋಹವಿದೆ ಎಂದು ಹೇಳುವುದಿಲ್ಲ. ನೀರಿನ ಪರೀಕ್ಷೆಗೆ ಕೊಡುವಾಗ ಭಾರಲೋಹಗಳ ವರದಿಯನ್ನು ಬೇರೆಯಾಗಿಯೇ ಕೇಳಿ.