ಗಾಜನ್ನು ಚಿತ್ರಿಸುವ ಬಗೆ

ಗಾಜಿಗೆ ತನ್ನದೆಂಬ ಬಣ್ಣ ಕಡಿಮೆ. ಹಿಂದಿನ ಬಟ್ಟೆ, ಪಕ್ಕದ ಗೋಡೆ, ಎದುರಿನ ಕಿಟಕಿಯೇ ಅದರೊಳಗೆ ಕಾಣುತ್ತವೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂಥ ಕಲಾಶಾಲೆಗಳ ವಸ್ತುಚಿತ್ರಣದಲ್ಲಿ ಕಣ್ಣಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಅಪರೂಪ.

ಗೋಲಿ ಸೋಡಾ ಬಾಟಲಿ ಅಭ್ಯಾಸಕ್ಕೆ ಅತ್ಯುತ್ತಮ. 1872ರಲ್ಲಿ ಇಂಗ್ಲೆಂಡಿನ ಹಿರಮ್ ಕಾಡ್ ಪೇಟೆಂಟ್ ಪಡೆದ ಈ ಬಾಟಲಿಯ ಗಾಜು ದಪ್ಪ. ಅಂಚಿನಲ್ಲಿ, ಗೋಲಿ ಕೂರುವ ಕತ್ತಿನ ಕುಳಿಗಳಲ್ಲಿ ಬೆಳಕು ಬಾಗಿ ಗಾಢ ಹಸಿರು ಗೆರೆಗಳು ಮೂಡುತ್ತವೆ. ಆಕಾರ ನಿಲ್ಲುವುದು ಇವುಗಳಿಂದಲೇ. ಆದರೆ ಸುತ್ತಲೂ ಒಂದೇ ಸಮನೆ ಗೆರೆ ಎಳೆದರೆ ಪಾರದರ್ಶಕತೆ ಸತ್ತುಹೋಗುತ್ತದೆ. ಕೆಲವೆಡೆ ಅಂಚು ಹಿನ್ನೆಲೆಯಲ್ಲಿ ಕರಗಲೇಬೇಕು.

ನೀರು ತುಂಬಿದ ಲೋಟವಂತೂ ಮಸೂರವೇ. ಹಿಂದೆ ತುಸು ದೂರದಲ್ಲಿಟ್ಟ ವಸ್ತು ಅದರಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ.

ಜಲವರ್ಣದಲ್ಲಿ ಹೊಳಪಿಗೆ ಕಾಗದದ ಬಿಳಿಯನ್ನೇ ಉಳಿಸಬೇಕು. ತೈಲವರ್ಣದಲ್ಲಿ ದಪ್ಪ ಬಿಳಿ ಕೊನೆಗೆ. ಗಾಜಿನ ನೆರಳೂ ಪೂರ್ತಿ ಕಪ್ಪಲ್ಲ, ನಡುವೆ ಬೆಳಕಿನ ಪಟ್ಟಿಗಳಿರುತ್ತವೆ.