ಎಂಬತ್ತೊಂದು ಸಾವಿರ ಅಳತೆ, ಗೌಂಡಿಯ ಕೈ

ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ನೀರು. ಈಗ ಹಿಡಿಯುವುದು ಸುಮಾರು 105.8. ಉಳಿದ 27 ಟಿಎಂಸಿಯ ಜಾಗದಲ್ಲಿ ಹೂಳು ಕೂತಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ಈ ಹೂಳು 2,700 ಕೋಟಿ ಘನ ಅಡಿ! ಆ ನಷ್ಟ ತುಂಬಿಕೊಳ್ಳಲೆಂದೇ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯದ ಪ್ರಸ್ತಾವ ಇರುವುದು. ಅದನ್ನು ಕಟ್ಟುವ ಕೈ ಯಾರದು?

ಹಳೆಯ ಅಣೆಕಟ್ಟು ಎದ್ದದ್ದು ಕಲ್ಲು ಮತ್ತು ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿಯ) ಗಾರೆಯಿಂದ. ಉದ್ದ ಸುಮಾರು 2.4 ಕಿಲೋಮೀಟರ್. ಮೀಟರಿಗೆ ಒಂದೇ ಒಂದು ಮಿಲಿಮೀಟರ್ ಒಂದೇ ಕಡೆಗೆ ಜರುಗುತ್ತಾ ಹೋಗಿದ್ದರೂ ಕೊನೆಗೆ 2.4 ಮೀಟರ್ ತಪ್ಪುತ್ತಿತ್ತು.

ಈಗ ಯಂತ್ರವೂ ಗೋಡೆ ಎಬ್ಬಿಸುತ್ತದೆ. ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 2023ರಲ್ಲಿ ಎಲ್ ಆ್ಯಂಡ್ ಟಿ ಕಂಪನಿ, ಐಐಟಿ ಮದ್ರಾಸ್‌ನ ತಾಂತ್ರಿಕ ಮಾರ್ಗದರ್ಶನದಲ್ಲಿ, 1,021 ಚದರ ಅಡಿಯ ಅಂಚೆ ಕಚೇರಿಯನ್ನು 43 ದಿನದಲ್ಲಿ ಮುಗಿಸಿತು. ಬೇಗ ಗಟ್ಟಿಯಾಗುವ ಕಾಂಕ್ರೀಟನ್ನು ರೋಬೋಟ್ ಪದರದ ಮೇಲೆ ಪದರವಾಗಿ ಸುರಿದು ಗೋಡೆ ಮಾಡಿತು. ಮಾಮೂಲಿ ರೀತಿಯಲ್ಲಿ ಇದಕ್ಕೆ ಆರೆಂಟು ತಿಂಗಳು ಬೇಕಾಗುತ್ತಿತ್ತು.

ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸಿದ್ದು ಗ್ರೀಸಿನ ಒಂದು ವೈನರಿಯ ಗೋಡೆ. ಅದು 225 ಚದರ ಮೀಟರ್, 13,596 ಇಟ್ಟಿಗೆ. ಪ್ರತಿ ಇಟ್ಟಿಗೆಯನ್ನೂ ಅದರದ್ದೇ ಕೋನದಲ್ಲಿ ತಿರುಗಿಸಿ, ವಾಲಿಸಿ ಕೂರಿಸಬೇಕು. ಯಾವುದೇ ಇಟ್ಟಿಗೆಯ ಜಾಗ ಖಚಿತವಾಗಬೇಕಾದರೆ ಆರು ಅಂಕಿ ಬೇಕು: ಉದ್ದ, ಅಗಲ, ಎತ್ತರದಲ್ಲಿ ಅದು ಎಲ್ಲಿದೆ, ಮೂರೂ ದಿಕ್ಕಿಗೆ ಎಷ್ಟು ವಾಲಿದೆ. ಗುಣಿಸಿ ನೋಡಿ, 81,576 ಅಳತೆ! ದಾರ, ಗುಂಡು, ಮಟ್ಟಗೋಲು ಹಿಡಿದು ಇಷ್ಟನ್ನು ಯಾವ ಗೌಂಡಿ ಅಳೆದಾನು?

ಅಳತೆಯ ಆ ಭಾರವನ್ನು ಹೊತ್ತದ್ದು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮಿಶ್ರ ವಾಸ್ತವದ ವ್ಯವಸ್ಥೆ. ಗೌಂಡಿ ಇಟ್ಟಿಗೆ ಇಡುತ್ತಿದ್ದಂತೆಯೇ ಕ್ಯಾಮೆರಾ ಅದರ ಅಂಚುಗಳನ್ನು ಗುರುತಿಸುತ್ತದೆ. ಅದು ಕೂರಬೇಕಾದ ಜಾಗಕ್ಕೂ ಕೂತ ಜಾಗಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಪರದೆಯ ಮೇಲೆ ತೋರುತ್ತದೆ. ಆತ ಮೆಲ್ಲಗೆ ತಟ್ಟುತ್ತಾನೆ, ಜರುಗಿಸುತ್ತಾನೆ, ಸರಿಹೋದರೆ ಮುಂದಿನ ಇಟ್ಟಿಗೆ. ಗಾರೆಯ ಹದ, ಎಷ್ಟು ಒತ್ತಬೇಕು ಎನ್ನುವುದು ಮಾತ್ರ ಅವನ ಬೆರಳಿಗೇ ಬಿಟ್ಟದ್ದು. ರೋಬೋಟಿನ ತೋಳಿಗಿಂತ ಈ ಕಣ್ಣೇ ನಮಗೆ ಮೊದಲು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನವಲಿಯಲ್ಲಿ ಕೆಲಸ ಶುರುವಾಗುವ ದಿನ ಬಂದರೆ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗೌಂಡಿಗಳಿಗೆ ಈ ವ್ಯವಸ್ಥೆಯ ತರಬೇತಿ ಅಡಿಪಾಯ ತೋಡುವ ಮೊದಲೇ ಸಿಗಬೇಕು.